ಮೂರರಲ್ಲಷ್ಟೇ ತಿರುಗುವ ಫ್ಯಾನು

೮ ಜನವರಿ ೨೦೦೫, ಶನಿವಾರ, ಹಾವೇರಿ

ಇದು ಕಾಗದದ ವ್ಯಾಪಾರಿ ಕೊಟ್ಟ ಡೈರಿ. ಪ್ರತಿ ವರ್ಷ ಕೊಡುತ್ತಾನೆ, ಪ್ರತಿ ವರ್ಷ ಜನವರಿ ಆರರ ತನಕ ಬರೆದು ಬಿಟ್ಟುಬಿಡುತ್ತೇನೆ. ಈ ಸಲ ಎಂಟಕ್ಕೆ ಶುರು ಮಾಡಿದ್ದೇನೆ. ಆರರ ಗಂಡಾಂತರ ದಾಟಿದಂತಾಯಿತು.

ಬರೆಯಲು ಕಾರಣ ಕಾರು. ಇಂದು ಮನೆಯಾಕೆಯನ್ನು ರಾಣೇಬೆನ್ನೂರಿನ ಡಾಕ್ಟರಿಗೆ ತೋರಿಸಿದೆ. ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ನನ್ನ ಕಡೆ ತಿರುಗಿದರು.

"ಬ್ಯಾಡಗಿ ಸಾಲಿ ಬಿಡಾಕ ಆಗತೈತೇನ್ರಿ?"

ಉತ್ತರ ಆಕೆಯೇ ಕೊಟ್ಟಳು. "ಹತ್ತನೇತ್ತಾ ಹುಡುಗ್ಯಾರು ಮೂವತ್ತೆಂಟು ಮಂದಿ ಅದಾರ್ರೀ. ಗಣಿತಾ ನಾನ ಕಲಿಸೋದು. ಪರೀಕ್ಷೆ ಮುಗಿಯೂತನಾ ಬಿಡಾಂಗಿಲ್ಲ."

"ಹಂಗಾದ್ರ ಬಸ್ ಬಿಡ್ರಿ. ಕಾರಿನ್ಯಾಗ ಗಾಜು ಏರಿಸಿಕೊಂಡು ಹೋಗ್ರಿ. ಹೊರಗಿನ ಗಾಳಿ ಬಂದ್ ಮಾಡಿ ಒಳಗ ಫ್ಯಾನ್ ಹಚ್ರಿ. ಇನ್ನೊಂದ ಸಲ ದಮ್ಮು ಜೋರ್ ಹತ್ತಿ ನನ್ನ ಕಡೆ ಬಂದ್ರ, ಪರೀಕ್ಷೆ ಗಿರೀಕ್ಷೆ ಕೇಳಾಂಗಿಲ್ಲ. ರಜಾ ಬರದ ಬಿಡ್ತೇನಿ."

ಅಂದರೆ ಮೂವತ್ತೆಂಟು ಹುಡುಗಿಯರ ಗಣಿತ ನಮ್ಮ ಎಂಬತ್ತೊಂಬತ್ತರ ಮಾಡೆಲ್ ಕಾರಿನ ಫ್ಯಾನಿನ ಮೇಲೆ ಬಂದು ನಿಂತಿದೆ. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡ ಕಾರು. ಎಸಿ ಇಲ್ಲ. ಡ್ಯಾಶ್‌ಬೋರ್ಡಿನೊಳಗೆ ಒಂದು ಫ್ಯಾನು, ಅದಕ್ಕೆ ಒಂದು, ಎರಡು, ಮೂರು ಎಂದು ಮೂರು ಸ್ಪೀಡು. ಇನ್ನು ಮೇಲೆ ಅದರ ಆರೋಗ್ಯವನ್ನು ದಿನವೂ ಇಲ್ಲಿ ಬರೆದಿಡುವುದೆಂದು ನಿಶ್ಚಯಿಸಿದ್ದೇನೆ.

ಗಾಜು ಏರಿಸು, ಗಾಳಿ ತಿರುಗಿಸು,
ಗುಳಿಗೆ ನುಂಗಿಸು, ಘಾಟು ತಪ್ಪಿಸು.

ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಪ್ರಾಸದ ಚಟ ಇದ್ದೇ ಇರುತ್ತದೆ. ಅದಕ್ಕೆ ಮದ್ದಿಲ್ಲ.

೧೦ ಜನವರಿ, ಸೋಮವಾರ

ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಮೋಟೆಬೆನ್ನೂರಿನ ತಿರುವಿನಲ್ಲೇ ಚೀಲ ಹೇರಿದ ಲಾರಿಗಳ ಸಾಲು. ಅದರ ಮೇಲೆ ಹೆದ್ದಾರಿ ಅಗಲ ಮಾಡುವವರ ಧೂಳು. ಬ್ಯಾಡಗಿಯವರು ಸೀನುವುದಿಲ್ಲ, ಸೀನಿದವನು ಪರಊರಿನವನು ಎಂದು ಗುರುತು ಹಿಡಿಯುತ್ತಾರೆ. ಮನೆಯಾಕೆ ಹದಿನೆಂಟು ವರ್ಷ ಅಲ್ಲಿ ಕಲಿಸಿ, ಈಗ ಪರಊರಿನವಳಾಗಿದ್ದಾಳೆ.

ಫ್ಯಾನು. ಒಂದು: ಸರಿ. ಎರಡು: ಸರಿ. ಮೂರು: ಸರಿ, ಆದರೆ ಒಣ ಎಲೆಯ ಮೇಲೆ ಇಲಿ ಓಡಿದಂತೆ ಒಂದು ಸದ್ದು.

ಆಕೆ ಕೆಮ್ಮುತ್ತಿದ್ದುದರಿಂದ ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯಲಿಲ್ಲ. "ಒಂದ್ ನಿಮಿಷ ತಡಿ" ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ತಡೆದಳು. ಸದ್ದು ಎಡಗಡೆಯಿಂದ, ಆಕೆಯ ಮೊಣಕಾಲಿನ ಮುಂದಿನಿಂದ ಬರುತ್ತಿದೆ.

೧೩ ಜನವರಿ, ಗುರುವಾರ

ಫ್ಯೂಜು ಹೋಯಿತು. ಹೊಸದು ಹಾಕಿದೆ. ಎರಡು ಮೈಲಿಗೆ ಅದೂ ಹೋಯಿತು. ಗಾಜು ಇಳಿಸಬೇಕಾಯಿತು.

"ಯಾರಿಗಾದ್ರೂ ತೋರಸ್ರಲ್ಲ" ಎಂದಳು.

"ನಾ ನೋಡಾಕತ್ತೇನಲ್ಲ."

"ಹೌದು. ಅದನ್ನ ನೋಡಾಕತ್ತೀರಿ."

'ಅದನ್ನ' ಎಂಬುದನ್ನು ಯಾಕೆ ಅಷ್ಟು ಒತ್ತಿ ಹೇಳಿದಳೋ. ಟೀಚರುಗಳಿಗೆ ಹಲಗೆಯ ಮೇಲೆ ಗೆರೆ ಎಳೆದು ಮಾತಾಡುವ ರೂಢಿ.

೧೭ ಜನವರಿ, ಸೋಮವಾರ

ಮೂರನೆಯ ಫ್ಯೂಜೂ ಹೋಯಿತು. ನಾನು ಕನ್ನಡ ಮಾಧ್ಯಮದ ಬಿ.ಎ. ವಿದ್ಯುತ್ತಿನ ಬಗ್ಗೆ ನನಗೆ ಗೊತ್ತಿರುವುದು ಬಿಲ್ಲು ಮಾತ್ರ. ಆದರೆ ತರ್ಕ ಎಂಬುದೊಂದಿದೆ. ಫ್ಯೂಜು ತೆಳ್ಳಗಿರುವುದರಿಂದ ಸುಡುತ್ತದೆ, ದಪ್ಪಗಿದ್ದರೆ ಸುಡುವುದಿಲ್ಲ. ಪ್ರೆಸ್ಸಿನಲ್ಲಿದ್ದ ತಾಮ್ರದ ತಂತಿಯನ್ನು ಮೂರು ಎಳೆ ಹೊಸೆದು ಫ್ಯೂಜಿನ ಜಾಗದಲ್ಲಿ ಬಿಗಿದೆ. ತಿರುಗಿತು! ಒಂದು, ಎರಡು, ಮೂರು.

ತಂತಿ ಬಿಗಿದೆ ತಂತ್ರದಿಂದ,
ಚಿಂತೆ ಹೋಯಿತು ಯಂತ್ರದಿಂದ.

ಊಟದ ಹೊತ್ತಿಗೆ ಇದನ್ನು ಓದಿ ಹೇಳಿದೆ. "ಮೆಣಸಿನಕಾಯಿ ಘಾಟಿಗಿಂತ ನಿಮ್ಮ ಪ್ರಾಸಕ್ಕ ದಮ್ಮು ಜಾಸ್ತಿ ಹತ್ತತೈತಿ" ಎಂದಳು. ವಿಮರ್ಶಕರು ಎಲ್ಲ ಕಾಲದಲ್ಲೂ ಇದ್ದಾರೆ.

೨೦ ಜನವರಿ, ಗುರುವಾರ

ಕಾರಿನಲ್ಲಿ ಸುಟ್ಟ ವಾಸನೆ. ಫ್ಯಾನು. ಒಂದು: ತಿರುಗುವುದಿಲ್ಲ. ಎರಡು: ಇಲ್ಲ. ಮೂರು: ತಿರುಗುತ್ತದೆ.

ಫ್ಯಾನೇ ನಿಂತಿಲ್ಲವಲ್ಲ. ಮೂರರಲ್ಲಿ ಓಡಿಸಿದರಾಯಿತು.

೩ ಫೆಬ್ರವರಿ, ಗುರುವಾರ

ಎರಡು ವಾರದಿಂದ ಮೂರರಲ್ಲೇ. ಹಿಟ್ಟಿನ ಗಿರಣಿಯೊಳಗೆ ಕುಳಿತು ಪ್ರಯಾಣ ಮಾಡಿದಂತೆ. ಗಾಳಿ ಮಾತ್ರ ಬರಬರುತ್ತಾ ಕಡಿಮೆ, ಸದ್ದು ಬರಬರುತ್ತಾ ಹೆಚ್ಚು. ನಮ್ಮ ತಾಲೂಕಿನ ಕೆಲವು ಮುಂದಾಳುಗಳ ಹಾಗೆ.

ಆಕೆ ಏನೋ ಹೇಳುತ್ತಾಳೆ. ನಾನು "ಆಂ?" ಎನ್ನುತ್ತೇನೆ. ಆಕೆ "ಏನಿಲ್ಲ" ಎನ್ನುತ್ತಾಳೆ. ಇಂದು ಹಾವೇರಿಯಿಂದ ಬ್ಯಾಡಗಿಗೆ ಐದು 'ಏನಿಲ್ಲ', ಬರುವಾಗ ಎರಡು. ಮೊನ್ನೆ ಹನ್ನೊಂದಿದ್ದವು. ಕಡಿಮೆಯಾಗಿವೆ, ಒಳ್ಳೆಯದೇ.

ಒಂದೂ ಇಲ್ಲ, ಎರಡೂ ಇಲ್ಲ, ಮೂರೇ ಎಲ್ಲ;
ಮೂರರ ಮುಂದೆ ಮಾತಿಗೆ ಜಾಗವಿಲ್ಲ.

ಕರ್ಜಗಿಯ ಗಿರಾಕಿ ಲಗ್ನಪತ್ರಿಕೆಗೆ ಎರಡು ಸಾಲು ಕೇಳಿದ. "ಉಡುಗೊರೆ ಬೇಡ, ಉಪಸ್ಥಿತಿ ಸಾಕು, ಉಂಡು ಹರಸಲು ಹೊತ್ತಿಗೆ ಬರಬೇಕು" ಎಂದು ಕೊಟ್ಟೆ. ಉಡುಗೊರೆ ಬೇಡ ಎಂಬುದನ್ನಷ್ಟೇ ತೆಗೆಯಿರಿ ಎಂದ.

೯ ಫೆಬ್ರವರಿ, ಬುಧವಾರ

ಸದ್ದಿನ ಮೂಲ ನೋಡಬೇಕೆಂದು ಆಕೆಯ ಸೀಟಿನ ಮುಂದಿನ ಖಾನೆಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆದೆ. ಕಾರಿನ ಕಾಗದಪತ್ರ, ಸೀಮೆಸುಣ್ಣದ ತುಂಡು, ದಮ್ಮು ಹತ್ತಿದಾಗ ಆಕೆ ಎಳೆಯುವ ಪಂಪಿನ ಖಾಲಿ ಡಬ್ಬಿ ಎರಡು, ಮಡಚಿದ ಒಂದು ಹಾಳೆ.

ಹಾಳೆ ಮುಖ್ಯೋಪಾಧ್ಯಾಯರಿಗೆ ಬರೆದ ಅರ್ಜಿ. ಒಂದೂ ತಪ್ಪಿಲ್ಲ. ಪ್ರೂಫ್ ನೋಡುವ ಕಣ್ಣು ಮೊದಲು ಅದನ್ನೇ ನೋಡಿತು, ಆಮೇಲೆ ಓದಿದೆ. ಅನಾರೋಗ್ಯದ ಕಾರಣ ಫೆಬ್ರವರಿ ಇಪ್ಪತ್ತೊಂದರಿಂದ ಏಪ್ರಿಲ್ ಕೊನೆಯ ತನಕ ರಜೆ ಬೇಕು. 'ಹತ್ತನೆಯ ತರಗತಿಯ ಗಣಿತಕ್ಕೆ ಬದಲಿ ಶಿಕ್ಷಕರಿಲ್ಲವೆಂಬುದನ್ನು ಬಲ್ಲೆನಾದರೂ' ಎಂದು ಒಂದು ಸಾಲು. ಆ ಸಾಲನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬರೆದಿದ್ದಾಳೆ. ಕೆಳಗೆ ಸಹಿ ಇಲ್ಲ.

ಇದ್ದ ಮಡಿಕೆಯಲ್ಲೇ ಮಡಚಿ ಇದ್ದಲ್ಲೇ ಇಟ್ಟೆ. ಮೊನ್ನೆಯ ಹನ್ನೊಂದು 'ಏನಿಲ್ಲ'ಗಳಲ್ಲಿ ಇದೂ ಒಂದಿರಬಹುದು. ಸದ್ದಿನ ಮೂಲ ನೋಡುವುದು ಹಾಗೇ ಉಳಿಯಿತು.

೧೪ ಫೆಬ್ರವರಿ, ಸೋಮವಾರ

ಮೋಟೆಬೆನ್ನೂರು ದಾಟಿ ಒಂದು ಮೈಲಿಗೆ ಫ್ಯಾನು ನಿಂತಿತು. ಪೂರ್ತಿ. ಮುಂದೆ ಮೆಣಸಿನಕಾಯಿ ಲಾರಿ, ಹಿಂದೆ ಇನ್ನೊಂದು. ಗಾಜು ಇಳಿಸಿದರೆ ಘಾಟು, ಏರಿಸಿದರೆ ಭಟ್ಟಿ. ನಾನು ಸ್ವಿಚ್ಚನ್ನು ತಿರುಗಿಸುತ್ತ, ಡ್ಯಾಶ್‌ಬೋರ್ಡಿಗೆ ಗುದ್ದುತ್ತ ಹೊರಟಿದ್ದೆ. ಎಷ್ಟು ಹೊತ್ತೋ. ಆಮೇಲೆ, ಗದ್ದಲ ನಿಂತದ್ದರಿಂದ ಇನ್ನೊಂದು ಸದ್ದು ಕೇಳಿಸಿತು. ತೆಳ್ಳಗಿನ ಸೀಟಿಯಂಥದು. ಮೊದಲು ಅದೂ ಕಾರಿನದೇ ಅಂದುಕೊಂಡೆ.

ಕಾರಿನದಲ್ಲ. ಆಕೆಯ ಎದೆಯದು.

ಬಾಯಿ ತೆರೆದಿತ್ತು. ಹೆಗಲು ಕಿವಿಯ ತನಕ ಏರಿ ಇಳಿಯುತ್ತಿತ್ತು. ಎಡಕ್ಕೆ ಹೊಲದ ದಾರಿಗೆ ಇಳಿಸಿ, ಗಾಳಿಯ ಎದುರು ದಿಕ್ಕಿಗೆ ಎರಡು ಹೊಲ ದಾಟಿ, ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಪಂಪು ಎರಡು ಸಲ ಎಳೆದಳು. ಕೈಗೆ ಸಿಕ್ಕಿದ್ದು ಕರ್ಜಗಿಯವನ ಪತ್ರಿಕೆಯ ಪ್ರೂಫು, ಅದರಿಂದಲೇ ಬೀಸಿದೆ. ಬೀಸುತ್ತ ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಮೂವತ್ತಾರು ಉಸಿರು. ಐದು ನಿಮಿಷದ ಮೇಲೆ ಮೂವತ್ತೊಂದು. ಹತ್ತು ನಿಮಿಷಕ್ಕೆ ಇಪ್ಪತ್ತೆಂಟು. ಇಪ್ಪತ್ತೆಂಟರಲ್ಲೇ ಬಹಳ ಹೊತ್ತು ನಿಂತಿತು. ಅದು ಇಳಿಯುವ ತನಕ ನಾನೂ ಉಸಿರು ಬಿಟ್ಟಿರಲಿಕ್ಕಿಲ್ಲ, ಬೆನ್ನು ಈಗಲೂ ನೋಯುತ್ತಿದೆ. ಇಪ್ಪತ್ತೈದು. ಇಪ್ಪತ್ತೆರಡು.

"ಎಣಸಬ್ಯಾಡ್ರಿ" ಎಂದಳು. "ನಾ ಗಣಿತದಾಕಿ. ನನಗ ಗೊತ್ತಾಗತೈತಿ."

"ಡಾಕ್ಟರ ಕಡೆ ಹೋಗೂನು ನಡಿ."

"ಅವರು ರಜಾ ಬರೀತಾರ. ಬ್ಯಾಡ."

"ನೀನ ಅರ್ಜಿ ಬರದಿಟ್ಟೀಯಲ್ಲ" ಎಂದೆ. ಬಾಯಿ ತಪ್ಪಿ ಬಂತು.

ಆಕೆ ಮರದ ಬುಡವನ್ನು ನೋಡುತ್ತ ಕುಳಿತಳು. "ಬರದೀನಿ. ಸಹಿ ಮಾಡಾಕ ಕೈ ಬರವಲ್ದು. ನಿಮಗ ಹೇಳಿದ್ನಿ, ನೀವು 'ಆಂ' ಅಂದ್ರಿ."

ಕೊನೆಗೆ ಶಾಲೆಗೇ ಬಿಟ್ಟೆ. ಒದ್ದೆ ಮಾಡಿದ ಕರವಸ್ತ್ರ ಮೂಗಿಗೆ ಹಿಡಿದು ಒಳಗೆ ಹೋದಳು. ನಾನು ಗೇಟಿನ ಎದುರು ಕಾರಿನಲ್ಲಿ ಕುಳಿತೆ, ಐದು ಗಂಟೆಯ ತನಕ. ಪ್ರೆಸ್ಸು ತೆಗೆಯಲಿಲ್ಲ. ಬೀಗದ ಕೈ ಜೇಬಿನಲ್ಲೇ ಇತ್ತು, ಮರೆತಿದ್ದೆ.

೧೫ ಫೆಬ್ರವರಿ, ಮಂಗಳವಾರ

ಆಕೆಯನ್ನು ಒಂದು ದಿನ ಮನೆಯಲ್ಲಿ ಕೂಡಿಸಿ ಒಬ್ಬನೇ ರಾಣೇಬೆನ್ನೂರಿಗೆ ಹೋದೆ. ಕುತುಬುದ್ದೀನ ಅಲ್ಲಿಯ ಹಳೆಯ ಆಟೋ ಎಲೆಕ್ಟ್ರಿಷಿಯನ್. ಅವನ ಕೇಸ್ ಪೇಪರು ಡಾಕ್ಟರದಕ್ಕಿಂತ ಉದ್ದ. ಕಾರು ಮುಟ್ಟುವ ಮೊದಲು ಸ್ಟೂಲಿನ ಮೇಲೆ ಕುಳಿತು ಪ್ರಶ್ನೆ ಕೇಳುತ್ತಾನೆ.

"ಮೊದಲ ಫ್ಯೂಜ್ ಹೋದಾಗ ಏನ್ ಮಾಡಿದ್ರಿ, ಮಾಲತೇಶಪ್ಪಾರ?"

"ಹೊಸಾದು ಹಾಕಿದೆ."

"ಅದೂ ಹೋದಾಗ?"

"ಮತ್ತೊಂದು ಹಾಕಿದೆ. ಆಮ್ಯಾಲೆ ತಂತಿ ಸುತ್ತಿದೆ."

ಕನ್ನಡಕ ತೆಗೆದು ಒರೆಸಿಕೊಂಡ. "ಎಷ್ಟ್ ಓದೀರ್ರಿ?"

"ಬಿ.ಎ."

"ಹಂಗಾದ್ರ ತಪ್ಪಿಲ್ಲ ಬಿಡ್ರಿ. ಫ್ಯೂಜ್ ಅನ್ನೂದು ಬಾಯಿದ್ದಂಗ. ಒಳಗ ಏನೋ ತ್ರಾಸ ಐತಿ ಅಂತ ಮೂರ ಸಲ ಹೇಳೇತಿ. ನೀವು ತಂತಿ ಬಿಗದು ಬಾಯಿ ಕಟ್ಟೀರಿ."

ಒಂದು, ಎರಡು ಯಾಕೆ ಹೋದವು ಎಂಬುದನ್ನೂ ತೋರಿಸಿದ. ಸ್ಪೀಡು ಕಡಿಮೆ ಮಾಡುವ ಕಾಯಿಲು ಗಾಳಿಯ ದಾರಿಯಲ್ಲೇ ಕುಳಿತಿರುತ್ತದೆ, ಫ್ಯಾನಿನ ಗಾಳಿಗೇ ತಣ್ಣಗಾಗುತ್ತದೆ. ಗಾಳಿ ಕಡಿಮೆಯಾದರೆ ಸುಡುತ್ತದೆ. ಮೂರಕ್ಕೆ ಕಾಯಿಲು ಬೇಕಿಲ್ಲ, ಅದಕ್ಕೇ ಮೂರು ಉಳಿದಿತ್ತು. "ಫ್ಯಾನ್ ಬಿಗಿಯಾಗಿ ತಿರಗ್ತಿತ್ತು. ಏನೋ ಸಿಕ್ಕೊಂಡೈತಿ. ತೆಗದ ನೋಡೂನು."

ಖಾನೆ ಬಿಚ್ಚಿ, ಮೂರು ಸ್ಕ್ರೂ ತೆಗೆದು, ಮೋಟರನ್ನು ಕೆಳಗೆ ಇಳಿಸಿದ. ಡಬ್ಬಿಯಂಥ ಗುಂಡು ಫ್ಯಾನನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ತಟ್ಟಿದ. ಮೆಣಸಿನ ಬೀಜ ಬಿದ್ದವು, ಕೆಂಪು ಧೂಳು ಬಿತ್ತು, ಅರಿಸಿನ ಹಚ್ಚಿದ ಅಕ್ಕಿಕಾಳು ಬಿದ್ದವು. ಕೊನೆಗೆ ಚಿಮಟಿಗೆಯಿಂದ ಎಳೆದು ತೆಗೆದದ್ದು, ಮೋಟರಿನ ದಂಡಕ್ಕೆ ಸುತ್ತಿಕೊಂಡು ಕಪ್ಪಾಗಿದ್ದ ಮುಳ್ಳುಮುಳ್ಳು ಕಡ್ಡಿ.

ಕುತುಬುದ್ದೀನ ಮೂಸಿ ನೋಡಿದ. "ಬನ್ನಿ. ನಿಮ್ಮ ಫ್ಯಾನಿನ್ಯಾಗ ದಸರಾ ನಡದೈತಿ ನೋಡ್ರಿ!"

"ಅದು ಒಳಗ ಹೆಂಗ ಹೋತು?"

"ಬಾನೆಟ್ಟಿನ ಮ್ಯಾಲೆ ಪೂಜಾ ಮಾಡಿ ಗಾಜಿನ ಬುಡಕ ಇಟ್ಟೀರಿ. ಅಲ್ಲಿ ಜಾಲರಿ ಐತಿ, ಅದು ಮುರದೈತಿ. ಹೊರಗಿನ ಗಾಳಿ ಒಳಗ ಹೋಗೂ ದಾರಿ ಅದ. ಹೂವು ಕೊಳತು ಹೋಗ್ತಾವ, ಬನ್ನಿ ಕಡ್ಡಿ ಹೋಗಾಂಗಿಲ್ಲ." ಆಮೇಲೆ, ಮೋಟರಿಗೆ ಹೊಸ ಕಾರ್ಬನ್ನು ಕೂಡಿಸುತ್ತ, ತಲೆ ಎತ್ತದೆ ಕೇಳಿದ. "ಬನ್ನಿ ಕೈಯಾಗ ಕೊಡ್ತಾರಲ್ರಿ? ನಮ್ಮ ಓಣಿಯವ್ರು ನನಗೂ ಬಂದು ಕೊಡ್ತಾರ, ಬಂಗಾರದಂಗ ಇರೂನು ಅಂತ. ನೀವು ಗಾಡಿಗ್ಯಾಕ ಇಟ್ರಿ?"

ನಾನು ಇಟ್ಟಿರಲಿಲ್ಲ.

ದಸರೆಯ ಸಂಜೆ ಪ್ರೆಸ್ಸಿನ ಮುಂದೆ ಕಾರಿನ ಪೂಜೆ. ಓಣಿಯ ಜನ ಎಲ್ಲ ಬಂದು ಬನ್ನಿ ಕೊಡುತ್ತಾರೆ. ನಾನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇನೆ. ವರ್ಷವೆಲ್ಲ ಮಾತಾಡದ ಎದುರಿನ ಪ್ರೆಸ್ಸಿನವನಿಂದಲೂ ತೆಗೆದುಕೊಂಡಿದ್ದೇನೆ. ಎಲ್ಲರೂ ಹೋದ ಮೇಲೆ ಆಕೆ ಬರುತ್ತಾಳೆ, ಕೈಯಲ್ಲಿ ಒಂದು ಎಸಳು. ಅಷ್ಟೊತ್ತಿಗೆ ನಾನು ಅರ್ಧಕ್ಕೆ ನಿಂತ ಕೆಲಸದ ಕಡೆ ತಿರುಗಿರುತ್ತೇನೆ. "ಮನೀ ಮಂದೀದು ಏನ್ ಅವಸರ ಐತಿ, ಅಲ್ಲೇ ಇಡು" ಎನ್ನುತ್ತೇನೆ. ಕಾರು ಕೊಂಡ ಮೇಲಿನ ನಾಲ್ಕು ದಸರೆಯಲ್ಲೂ ಇದೇ ಮಾತು ಹೇಳಿರಬೇಕು, ಯಾಕೆಂದರೆ ಬೇರೆ ಏನು ಹೇಳಿದ್ದೆನೆಂದು ನೆನಪಿಲ್ಲ. ಆಕೆ ಅಲ್ಲೇ, ಗಾಜಿನ ಬುಡಕ್ಕೆ ಇಡುತ್ತಿದ್ದಳು. ಮರುದಿನ ಇರುತ್ತಿರಲಿಲ್ಲ. ಗಾಳಿಗೆ ಹಾರಿಹೋಗಿದೆ ಅಂದುಕೊಂಡಿದ್ದೆ.

ಅಂದುಕೊಂಡಿದ್ದೆ ಎಂಬುದೂ ಸುಳ್ಳು. ನೋಡಿರಲಿಲ್ಲ.

ಇದನ್ನೆಲ್ಲ ಕುತುಬುದ್ದೀನನಿಗೆ ಹೇಳಲಿಲ್ಲ. ಪೇಪರಿನಲ್ಲಿದ್ದ ಕಡ್ಡಿಗಳನ್ನು ಅವನು ಬುಟ್ಟಿಗೆ ಹಾಕಲು ಹೋದಾಗ "ತಡೀರಿ" ಎಂದು ಇಸಿದುಕೊಂಡೆ. ಒಂದು ಸಲ ನನ್ನನ್ನು, ಒಂದು ಸಲ ಕಡ್ಡಿಯನ್ನು ನೋಡಿ, ಸುತ್ತಲು ಒಳ್ಳೆಯ ಕಾಗದ ಕೊಟ್ಟ. ಹಳೆಯ ಗಾಡಿಯೊಂದರ ಕಾಯಿಲು ಹುಡುಕಿ ಹಾಕಿ, ಜಾಲರಿಗೆ ಸಣ್ಣ ಜಾಳಿಗೆ ಹೊಲಿದು, ಸರಿಯಾದ ಫ್ಯೂಜು ಕೂಡಿಸಿದ. ನನ್ನ ತಾಮ್ರದ ತಂತಿಯನ್ನು ಕೈಗೆ ಕೊಟ್ಟು, "ಇದನ್ನೂ ಇಟ್ಕೋರಿ, ನೆನಪಿಗೆ" ಎಂದ.

ಅದೇ ದಿನ, ಸಂಜೆ

ಅಡುಗೆಮನೆಯ ಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿಟ್ಟೆ. ದಾರಿಯುದ್ದಕ್ಕೂ ಎರಡು ಸಾಲು ಪ್ರಾಸ ಕಟ್ಟಿಕೊಂಡು ಬಂದಿದ್ದೆ. ಹೇಳಲಿಲ್ಲ.

ಆಕೆ, ದ್ರಾಕ್ಷಾಯಿಣಿ, ನೋಡಿದಳು. ಏನೆಂದು ಕೇಳಲಿಲ್ಲ. "ನಾಲ್ಕ ಅದಾವೇನು?" ಎಂದಳು.

"ಎಣಿಸಿಲ್ಲ."

ರೊಟ್ಟಿಯ ಹಿಟ್ಟಿನ ಕೈ ಒರೆಸಿಕೊಂಡು ಸಿಕ್ಕು ಬಿಡಿಸಿದಳು. ಒಂದೊಂದಾಗಿ ಸಾಲಾಗಿ ಇಟ್ಟಳು. "ನಾಲ್ಕ" ಎಂದಳು. ಆಮೇಲೆ ಹೇಳಿದಳು: "ನೀವಂತೂ ತೊಗೊಳ್ಳಿಲ್ಲ. ಕಾರಾದ್ರೂ ತೊಗೊಂಡೈತಲ್ಲ."

ನಗುತ್ತಿದ್ದಳೋ ಇಲ್ಲವೋ, ದೀಪ ಆಕೆಯ ಬೆನ್ನ ಹಿಂದಿತ್ತು. ನಾನು ಕೈ ಚಾಚಿದೆ. ಎರಡೂ.

"ಈಗೇನ್ ದಸರೇನ್ರಿ?"

"ಅಲ್ಲ. ಮಾಘಮಾಸ."

ಸ್ವಲ್ಪ ಹೊತ್ತು ಕೈ ಹಾಗೇ ಇತ್ತು. ಎಲೆ ಒಂದೂ ಇಲ್ಲದ ಒಂದು ಕಡ್ಡಿಯನ್ನು ಇಟ್ಟಳು. ಉಳಿದ ಮೂರನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಕೊಂಡಳು. "ಎಲ್ಲಾ ಒಮ್ಮೆಲೇ ಕೊಡಾಂಗಿಲ್ಲ. ನೋಡೂನು."

೧೭ ಫೆಬ್ರವರಿ, ಗುರುವಾರ

ಒಂದು: ಸರಿ. ಎರಡು: ಸರಿ. ಮೂರು: ಸರಿ. ಒಂದರಲ್ಲೇ ಹೋದೆವು.

ಒಂದರಲ್ಲಿ ಮಾತು ಕೇಳಿಸುತ್ತದೆ. ಆಕೆಯ ತರಗತಿಯಲ್ಲಿ ದುರ್ಗಾ ಎಂಬ ಹುಡುಗಿ ಇದ್ದಾಳಂತೆ. ಸಂಜೆ ತಾಯಿಯ ಜೊತೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. "ಮುಂಜಾನೆ ಬೆರಳು ಉರೀತಿರ್ತಾವ. ಎಣ್ಣಿ ಹಚ್ಕೊಂಡ ಬರ್ತಾಳ. ಪ್ರಮೇಯದ ಪುಸ್ತಕ ತುಂಬ ಎಣ್ಣಿ ಕಲಿ. ತಪ್ಪೆಲ್ಲಿ ಮಾಡ್ಯಾಳ ಅಂತ ನೋಡಬೇಕಂದ್ರ ಬಿಸಲಿಗೆ ಹಿಡೀಬೇಕ್ರಿ."

"ಇದನ್ನ ಮೊದಲ ಯಾಕ ಹೇಳಿಲ್ಲ?"

"ಹೇಳೀನಿ" ಎಂದಳು. ಅಷ್ಟೇ.

೨೧ ಫೆಬ್ರವರಿ, ಸೋಮವಾರ

ರಜೆ ಶುರುವಾಗಬೇಕಿದ್ದ ದಿನ. ಆಕೆ ಶಾಲೆಗೆ ಇಳಿದು ಹೋದ ಮೇಲೆ ಖಾನೆ ತೆರೆದು ನೋಡಿದೆ. ಹಾಳೆ ಅಲ್ಲೇ ಇದೆ. ಬೆನ್ನ ಮೇಲೆ ಒಂದು ವೃತ್ತ, ಎರಡು ಸ್ಪರ್ಶಕ, ಕೆಳಗೆ ಸಾಧನೆ. ನಡುವೆ ಒಂದು ಕಡೆ ಹಾಳೆ ಎಣ್ಣೆಬೆರಳು ತಾಗಿ ಪಾರದರ್ಶಕವಾಗಿದೆ. ಅಲ್ಲಿಂದ ಅರ್ಜಿಯ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ.

೭ ಮಾರ್ಚ್, ಸೋಮವಾರ

ಉಸಿರು. ಮೋಟೆಬೆನ್ನೂರು: ಹದಿನೆಂಟು. ಮಾರುಕಟ್ಟೆಯ ತಿರುವು: ಇಪ್ಪತ್ತೊಂದು. ಶಾಲೆ: ಹತ್ತೊಂಬತ್ತು. ಬರುವಾಗ ಹದಿನೇಳು, ಮಾತಾಡುತ್ತಿದ್ದುದರಿಂದ ಎಣಿಕೆ ತಪ್ಪಿರಬಹುದು. ಪಂಪು ಒಂದು ಸಲ.

ಫ್ಯಾನು ಸರಿ.

ಕರ್ಜಗಿಯವನ ಮದುವೆಯ ಊಟಕ್ಕೆ ಕರೆ ಇತ್ತು. ಹೊಗೆ ಇರುತ್ತದೆಂದು ಹೋಗಲಿಲ್ಲ. "ಹೊತ್ತಿಗೆ ಬರಬೇಕು ಅಂತ ಬರದಾವ್ರು ನೀವ" ಎಂದಳು. ಊಟವಾದ ಮೇಲೆ, ತಟ್ಟೆ ಎತ್ತುವಾಗ, ಎರಡನೆಯ ಕಡ್ಡಿ ಕೊಟ್ಟಳು.

೧ ಏಪ್ರಿಲ್, ಶುಕ್ರವಾರ

ಇಂದು ಗಣಿತದ ಪೇಪರು. ಆಕೆಗೆ ಒಳಗೆ ಕೆಲಸವಿಲ್ಲ. ತನ್ನ ವಿಷಯದ ದಿನ ಟೀಚರು ಹೊರಗೇ ನಿಲ್ಲಬೇಕು. ಗೇಟಿನ ಬಳಿ ಕಾರಿನಲ್ಲಿ ಇಬ್ಬರೂ ಕುಳಿತೆವು. ಹುಡುಗಿಯರಿಗಿಂತ ಆಕೆಗೇ ಹೆದರಿಕೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಇದು ಘಾಟಿನದಲ್ಲ ಎಂದು ನನಗೆ ಈಗ ಗುರುತು ಸಿಗುತ್ತದೆ.

ಗಂಟೆ ಹೊಡೆಯಿತು. ಎರಡು ಜಡೆಯ ಒಂದು ಹುಡುಗಿ ಎಲ್ಲರಿಗಿಂತ ಮುಂದೆ ಓಡಿ ಬಂದು ಗಾಜಿಗೆ ಎರಡೂ ಅಂಗೈ ಒತ್ತಿ ಕೂಗಿದಳು. "ಟೀಚರ್, ಸ್ಪರ್ಶಕದ್ದ ಬಂದಿತ್ರಿ! ಪೂರಾ ಬರದ್ನಿ! ಕಲಿ ಬೀಳಬಾರದಂತ ನಿನ್ನೆ ಮೆಣಸಿನಕಾಯಿ ಮುಟ್ಟೇ ಇಲ್ರಿ!"

ದ್ರಾಕ್ಷಾಯಿಣಿ ಗಾಜು ಇಳಿಸಿಬಿಟ್ಟಳು, ನಾನು ತಡೆಯುವ ಮೊದಲೇ. ಮೂವತ್ತೆಂಟು ಮಂದಿ ಕಿಟಕಿಗೆ ಮುತ್ತಿಕೊಂಡರು. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ನಾನು ಕೈಯಲ್ಲಿ ಪಂಪು ಹಿಡಿದುಕೊಂಡು ಕುಳಿತೆ. ಬೇಕಾಗಲಿಲ್ಲ.

ದಾರಿಯಲ್ಲಿ ಬೇವಿನ ಮರದ ತಿರುವು ಬಂದಾಗ ಆಕೆ ಪರ್ಸಿನಿಂದ ಮೂರನೆಯ ಕಡ್ಡಿ ತೆಗೆದು ನನ್ನ ಅಂಗಿಯ ಜೇಬಿಗೆ ಹಾಕಿದಳು.

"ಇನ್ನೊಂದು?"

"ದಸರಾಕ್ಕ. ಹಸೇದರ ಜೋಡಿ ಕೊಡ್ತೇನಿ. ಆಗ 'ಅಲ್ಲೇ ಇಡು' ಅಂದ್ರ ನೋಡ್ರಿ ಮತ್ತ."

ಹಾವೇರಿ ಮುಟ್ಟುವ ತನಕ ಯಾವ ಹುಡುಗಿಗೆ ಎಷ್ಟು ಅಂಕ ಬರುತ್ತದೆಂದು ಲೆಕ್ಕ ಹಾಕುತ್ತಲೇ ಇದ್ದಳು. ಮೂವತ್ತೆಂಟೂ ಹೆಸರು ನನಗೀಗ ಬಾಯಿಪಾಠ.

ಫ್ಯಾನು ಎಷ್ಟರಲ್ಲಿತ್ತೋ, ನೋಡುವುದು ಮರೆತೆ.